ಏಳನೆಯದು

ಇಬ್ರಿಯ ಆಚೆ, ಡಾಂಬರು ಮುಗಿದು ಮರಳು ಶುರುವಾಗುವಲ್ಲಿ
ನಮ್ಮ ಶೂಟಿಂಗ್ ಕ್ಲಬ್ಬು. ನಾನು ಅದರ ಸ್ಟೋರ್‌ಕೀಪರು.
ಮೇಜಿನ ಮೇಲೆ ಮೂರು ಕೊಟೇಶನ್ನು,
ಹಾರದ ಹಾಗೆ ಮೇಲೊಂದು ಖಾಲಿ ಹಿತ್ತಾಳೆ ತೋಟಾ.

ಗುಂಡಿನ ವೇಗ ಅಳೆಯುವ ಯಂತ್ರ ಬೇಕು.
ಹಳೆಯದರ ಹಣೆಗೇ ಈಡು ಬಿತ್ತು ಕಳೆದ ಗುರುವಾರ,
ಮಸ್ಕತ್ತಿನಿಂದ ಬಂದ ಹೊಸ ಹುಡುಗನೊಬ್ಬನದು.
ಕೊನೆಗೆ ಅದು ತೋರಿಸಿದ್ದು ಅಂಕಿಯಲ್ಲ, ‘ಎರರ್’.
ಸಾಯುವಾಗ ಒಂದು ಸತ್ಯ ಹೇಳಿತು, ಅಂದ ಮುರಾದ್ ಬಕ್ಷ್.

ಮೊದಲನೆಯದು ಅದರದೇ ತಮ್ಮ: ಎರಡು ಕಣ್ಣು, ನಡುವೆ ಒಂದು ಮೊಳ.
ಮೇಲೆ ಹಾಯುವ ನೆರಳನ್ನು ಹಿಡಿದು ಲೆಕ್ಕ ಒಪ್ಪಿಸುತ್ತದೆ.
ಅಗ್ಗ. ಆದರೆ ಇಲ್ಲಿಯ ಬಿಸಿಲು ನಿಮಗೆ ಗೊತ್ತಿಲ್ಲ;
ಹನ್ನೊಂದಕ್ಕೆಲ್ಲ ನೆರಳು ಒಡೆಯನ ಕಾಲಡಿ ಅಡಗುತ್ತದೆ,
ಶಮಾಲ್ ಗಾಳಿ ಎದ್ದರೆ
ಧೂಳಿಗೂ ಒಂದು ವೇಗ ಬರೆದುಕೊಳ್ಳುತ್ತದೆ ಯಂತ್ರ.

ಎರಡನೆಯದು ಅಯಸ್ಕಾಂತದ್ದು. ನಳಿಗೆಗೇ ಬಿಗಿಯಬೇಕು,
ತುಡುಗು ದನದ ಕೊರಳಿಗೆ ಕುಂಟೆ ಕಟ್ಟಿದ ಹಾಗೆ.
ವೇಗ ಸರಿಯಾಗಿಯೇ ಹೇಳುತ್ತದೆ, ಗುರಿ ಮಾತ್ರ ನಾಲ್ಕು ಬೆರಳು ಕೆಳಗೆ.
ಅಳೆಯಲು ಬಂದದ್ದು ಅಳೆಯುವುದನ್ನೇ ಬದಲಿಸಿದರೆ—
ಬೇಡ, ಫೈಲಿನಲ್ಲಿ ಅಷ್ಟೆಲ್ಲ ಬರೆಯುವುದಿಲ್ಲ.
‘ಸೂಕ್ತವಲ್ಲ’ ಎಂದು ಬರೆದೆ.

ಮೂರನೆಯದು ರೇಡಾರು. ಇನ್ನೂರ ನಲವತ್ತು ರಿಯಾಲು.
ಕೋವಿಯ ಪಕ್ಕ ಸುಮ್ಮನೆ ಕೂರುತ್ತದೆ, ಸಾಕ್ಷಿದಾರನ ಹಾಗೆ.
ಬಿಸಿಲು ಬೇಕಿಲ್ಲ, ನೆರಳು ಬೇಕಿಲ್ಲ, ಕತ್ತಲೆಯೂ ಅಡ್ಡಿಯಿಲ್ಲ.
ಅದೇ ನನಗೆ ತೊಂದರೆ.

ಮದ್ದು ತುಂಬುವವನು ಮುರಾದ್. ಬಲೂಚಿ, ಅರವತ್ತೆಂಟು.
ಒಂದೊಂದು ತೋಟಾಕ್ಕೂ ಮದ್ದು ತೂಗಿ, ಗುಂಡು ಕೂರಿಸಿ
ಇಪ್ಪತ್ತೊಂದು ವರ್ಷ. ತೂಗುವಾಗ ಎಸಿ ಬಂದ್, ಮಾತು ಬಂದ್.
ಕುಮಟೆಯಲ್ಲಿ ನನ್ನಪ್ಪ ಹೀಗೇ ಉಸಿರು ಹಿಡಿಯುತ್ತಿದ್ದ
ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ ಒಂದು ಗುಲಗಂಜಿ ಇಟ್ಟು.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಜನ ನಗುತ್ತಿದ್ದರು;
ಅಪ್ಪ ಅಕ್ಕನ ಬಳೆಯನ್ನು ಎರಡು ಸಲ ತೂಗುತ್ತಿದ್ದ.

ಎರಡು ವರ್ಷದಿಂದ ಮುರಾದನ ಕೈ ನಡುಗುತ್ತದೆ,
ಚಹಾದ ಲೋಟ ನೋಡಿದರೆ ತಿಳಿಯುತ್ತದೆ.
ಹತ್ತು ಈಡಿನಲ್ಲಿ ಒಂದು ಹಿಂದೆ ಬಿದ್ದಾಗ
‘ಬಿಸಿಲು’ ಎನ್ನುತ್ತಿದ್ದೆ ನಾನು. ‘ಮೋಡ’ ಎನ್ನುತ್ತಿದ್ದೆ,
ಮೋಡವೇ ಇಲ್ಲದ ಊರಲ್ಲಿ.
ಪಾಪ, ಹಳೆಯ ಯಂತ್ರ ಎಲ್ಲ ಹೊತ್ತುಕೊಳ್ಳುತ್ತಿತ್ತು.

ಮೊದಲನೆಯದಕ್ಕೇ ಟಿಕ್ ಹಾಕಿದ್ದೆ, ಪೆನ್ಸಿಲಿನಲ್ಲಿ.
ಅವನು ಬಂದು ಮೂರೂ ಹಾಳೆ ತಿರುವಿದ.
ಇಂಗ್ಲಿಷು ಓದಲು ಬಾರದು, ಚಿತ್ರ ಓದುತ್ತಾನೆ.
ರೇಡಾರಿನ ಮೇಲೆ ಬೆರಳಿಟ್ಟ. ಬೆರಳು ಅಲ್ಲಾಡುತ್ತಲೇ ಇತ್ತು.
‘ಇದು, ಶೇಟ್. ಇದಕ್ಕೆ ಸೂರ್ಯನ ಸಿಫಾರಸು ಬೇಡ.’

ನಿನ್ನೆ ಹತ್ತು ಈಡು. ಕೋಚ್ ಸುಲೈಮ್ ಹೊಡೆದ, ನಾನು ಓದಿದೆ.
ಎಂಟುನೂರ ಹನ್ನೆರಡು. ಹದಿನಾಲ್ಕು. ಹನ್ನೊಂದು. ಹದಿಮೂರು.
ಐದು, ಆರು ಒಂದೇ ತಾಯಿಯ ಮಕ್ಕಳು.
ಏಳನೆಯದು
ಏಳುನೂರ ಎಪ್ಪತ್ತೊಂದು.
ಓದಲಿಲ್ಲ. ಕೆಮ್ಮಿದೆ. ಆಕಾಶ ನೋಡಿದೆ,
ಒಂದು ನೆಪವೂ ಇರಲಿಲ್ಲ ಅಲ್ಲಿ.

‘ಅದನ್ನೂ ಬರಿ’ ಎಂದ ಮುರಾದ್, ಇತ್ತ ತಿರುಗದೆ.
ಸದ್ದಿನಲ್ಲೇ ಕೇಳಿಸಿತ್ತಂತೆ ಅವನಿಗೆ.

ಬರೆದೆ.

ಇವತ್ತು ಒಳಗೆ ಎಸಿ ಬಂದ್.
ತಕ್ಕಡಿಯ ಮುಂದೆ ನಾನು, ಬೆನ್ನ ಹಿಂದೆ ಅವನು.
‘ಉಸಿರು ನಿಲ್ಲಿಸು’ ಎನ್ನುತ್ತಾನೆ, ‘ಕೈಯನ್ನಲ್ಲ.’
ಮೂಗಿನ ತುದಿಗೆ ಬಂದು ನಿಂತಿದೆ ಒಂದು ಬೆವರ ಹನಿ.
ಬೀಳಬಾರದು.