ಹಿಟ್ಟಿನ ಕೈ

ಮೂರು ದಿನದಿಂದ ಹಿನ್ನೆರ್ಕ್ ಅಡುಗೆಮನೆ ತೊಳೆಯುತ್ತಿದ್ದಾನೆ.
ನಲವತ್ತೊಂದು ವರ್ಷ
ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ
ಗೋಧಿ ಹೊತ್ತು ಮನೆಗೆ ಬಂದವನು
ಈಗ ಹಲ್ಲುಜ್ಜುವ ಬ್ರಷ್ಷು ಹಿಡಿದು
ಡ್ರಾಯರಿನ ಮೂಲೆ ಕೆರೆಯುತ್ತಾನೆ,
ತನ್ನದೇ ಗುರುತು ಅಳಿಸುವ ಕಳ್ಳನ ಹಾಗೆ.

ಬೇಕರಿ ಮಾರಿದ ದಿನವೂ ಹೀಗೆ ಗುಡಿಸಿರಲಿಲ್ಲ.
ಈಗ ಅಲ್ಲಿ ಕನ್ನಡಕ ಮಾರುತ್ತಾರೆ;
ಮಳೆ ಬಂದರೆ ಗೋಡೆಯಿಂದ ಬ್ರೆಡ್ಡಿನ ವಾಸನೆ ಬರುತ್ತದಂತೆ,
ಅಂಗಡಿಯವಳು ದೂರುತ್ತಾಳೆ.

ಮರದ ಸೌಟು ಹೊರಗೆ.
ಜರಡಿ ಹೊರಗೆ.
ಅಪ್ಪ ಕೊಟ್ಟ ಲಟ್ಟಣಿಗೆಯನ್ನು
ಬಟ್ಟೆಯಲ್ಲಿ ಸುತ್ತಿ ಸೈಕಲ್ ಶೆಡ್ಡಿಗೆ ಒಯ್ದವನು
ಎಷ್ಟೋ ಹೊತ್ತು ಬರಲಿಲ್ಲ.
ಇಷ್ಟು ಮಡಿ ನಮ್ಮ ಇಗರ್ಜಿಯಲ್ಲೂ ಇಲ್ಲ, ಅಂದೆ.
ನಗಲಿಲ್ಲ.

ಭಾನುವಾರ ಮೊಮ್ಮಗಳು ಬರುತ್ತಾಳೆ,
ಹನ್ನೊಂದು ವರ್ಷದ ಫೆನ್ಯಾ.
ಗೋಧಿ ಅವಳ ಕರುಳಿಗೆ ಆಗುವುದಿಲ್ಲ.
ಒಂದು ಕಣ ಸಾಕು, ಎರಡು ದಿನ ಮುದುಡಿ ಮಲಗುತ್ತಾಳೆ.
ಹಾಲು, ಬೆಣ್ಣೆ, ಮೊಟ್ಟೆ ಬಿಟ್ಟದ್ದು ತಾನಾಗಿಯೇ,
ಹೋದ ವಸಂತದಲ್ಲಿ, ಎಲ್ಬೆಯ ಏರಿಯಾಚೆಯ ಕೊಟ್ಟಿಗೆಯಲ್ಲಿ
ಹುಟ್ಟಿದ ದಿನವೇ ತಾಯಿಯಿಂದ ಬಿಡಿಸಿದ ಕರು
ಅವಳ ಬೆರಳು ಚೀಪಿದ ಮೇಲೆ.
ಒಂದು ರೋಗ, ಇನ್ನೊಂದು ಹಟ, ಅನ್ನುತ್ತಾನೆ ಮಗ.
ನನಗೇನೋ
ಎರಡೂ ಕರುಳಿನ ಮಾತೇ ಅನಿಸುತ್ತದೆ.

ಮೊದಲ ಕೇಕು ನಡುವೆ ಕುಸಿಯಿತು,
ಹಳೇ ಸೋಫಾದ ಹಾಗೆ.
ಎರಡನೆಯದನ್ನು ಕೋಳಿಗಳು
ಒಂದು ಸಲ ಕುಕ್ಕಿ ಯೋಚನೆಗೆ ಬಿದ್ದವು.
"ಈ ಹಿಟ್ಟು ನನ್ನ ಜೊತೆ ಮಾತಾಡುತ್ತಿಲ್ಲ," ಅಂದ.
ಗೋಧಿಯಾದರೆ ಅಂಗೈಗೆ ಹೇಳುತ್ತಿತ್ತು:
ಸಾಕು, ಬಿಡು, ಇನ್ನು ಮಲಗುತ್ತೇನೆ.
ಅದರ ಅಂಟಿಗೂ ಒಂದು ಹಟವಿತ್ತು,
ಎಳೆದರೆ ತಿರುಗಿ ಎಳೆಯುತ್ತಿತ್ತು.
ಇದು ಒದ್ದೆ ಮರಳು.
ಅಂದದ್ದಕ್ಕೆಲ್ಲ ಹೂಂ ಅನ್ನುತ್ತದೆ.

ಭಾನುವಾರ ಬೆಳಗಿನ ನಾಲ್ಕಕ್ಕೆ
(ಮೈಗೆ ಇನ್ನೂ ಅದೇ ಗಂಟೆ)
ಅಗಸೆ ಬೀಜ ಪುಡಿಮಾಡಿ ನೀರಲ್ಲಿ ನೆನೆಸಿದ.
ಅದು ಲೋಳೆಯಾಗಿ ಚಮಚಕ್ಕೆ ಜೋತುಬಿದ್ದಾಗ
"ವೀಬ್ಕೆ, ನೋಡೇ, ಹಿಡೀತು!" ಎಂದು
ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ.
ಬಾದಾಮಿ ಪುಡಿ. ಬಕ್‌ವೀಟ್ ಹಿಟ್ಟು,
ದಕ್ಷಿಣದ ಬಯಲಿನದು, ಬೂದು ಬಣ್ಣ,
ಒದ್ದೆ ಗೋಣಿಯ ವಾಸನೆ.
ಸೇಬು ನಮ್ಮ ಹಿತ್ತಲ ಬೊಸ್ಕೋಪ್:
ಒರಟು ಸಿಪ್ಪೆ, ಹಲ್ಲು ಚುಳ್ಳೆನ್ನುವ ಹುಳಿ.
ಅರ್ಧ ತುರಿದ, ಅರ್ಧ ಹೋಳು ಮಾಡಿದ.
ಎಣ್ಣೆ, ದಾಲ್ಚಿನ್ನಿ, ಬೀಟಿನ ಜೋನಿಬೆಲ್ಲ.
ಕೆಲಸ ಕಲಿಯಲು ಬಂದ ಹುಡುಗನ ಹಾಗೆ
ಚೀಟಿಯನ್ನು ಎರಡೆರಡು ಸಲ ಓದಿದ.
ಆಮೇಲೆ ಓವನ್ನಿನ ಗಾಜಿನೆದುರು ಸ್ಟೂಲು ಹಾಕಿ ಕೂತ.
ನದಿಯ ಮೇಲೆ ಮಂಜು; ಹಡಗೊಂದು
ದಾರಿ ಕೇಳುತ್ತ ಕೇಳುತ್ತ ಸಾಗಿತು.

ಬಂದವಳು ಮೊದಲು ಡಬ್ಬಿಗಳನ್ನು ಓದಿದಳು.
ಬಕ್‌ವೀಟಿನ ಮೇಲೆ ಬೆರಳು ನಿಂತಿತು.
"ಹೆಸರಲ್ಲಷ್ಟೇ ಗೋಧಿ, ಪುಟ್ಟೀ. ಕುಲ ಬೇರೆ."
"ಚಾಕು?" "ಹೊಸದು."
"ಅಚ್ಚು?" "ಹೊಸದು."
"ನಿನ್ನ ಕೈ, ಅಜ್ಜ?"

ಎರಡೂ ಅಂಗೈ ಚಾಚಿದ,
ಶಾಲೆಯಲ್ಲಿ ಉಗುರು ತೋರಿಸುವ ಮಗುವಿನಂತೆ.
ತೊಳೆದು ತೊಳೆದು ಕೆಂಪಾಗಿ
ಗೆಣ್ಣಿನಲ್ಲಿ ಬಿರಿದ ಕೈ.
ಅವಳು ಮೂಗು ಹತ್ತಿರ ತಂದು
ಸಾಬೂನು, ಅಂದಳು.
ಸ್ವಲ್ಪ ತಡೆದು: ದಾಲ್ಚಿನ್ನಿ.

ಎರಡು ತುಂಡು ತಿಂದಳು. ಮೂರನೆಯದನ್ನು
ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದಳು.
ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ;
ನಮ್ಮ ಕಡೆ ಯಾರೂ ಹೇಳುವುದಿಲ್ಲ.

ರಾತ್ರಿ ದೀಪ ಹಾಕದೆ ನಿಂತು
ಅಚ್ಚಿನ ಅಂಚಿಗೆ ಅಂಟಿದ ಪುಡಿಯನ್ನು
ಬಾಯಿಗೆ ಹಾಕಿ ಬಹಳ ಹೊತ್ತು ಅಗಿದ.
ಕಪಾಟಿನ ಬಾಗಿಲ ಒಳಮೈಯಲ್ಲಿ
ಬೆಳಿಗ್ಗೆ ನೋಡಿದರೆ ಪೆನ್ಸಿಲಿನ ಸಾಲು:
ಉಪ್ಪು, ಇನ್ನೊಂದು ಚಿಟಿಕೆ.