ಆಸನ ಸಾಮರ್ಥ್ಯ

ಇಂಜಿನಿಯರ್ ಬಂದಿದ್ದರು, ಟೇಪು ಹಿಡಿದು.
ಫಾರಮ್ಮಿನ ಒಂಬತ್ತನೇ ಕಲಮಿನ ಮೇಲೆ ಬೆರಳಿಟ್ಟು
‘ಇಲ್ಲಿ ಎಷ್ಟು ಜನ ಕೂರ್ತಾರೆ?’ ಅಂದರು.

ಇಪ್ಪತ್ತಾರು ವರ್ಷ ಈ ಮೈದಾನಕ್ಕೆ
ಸುಣ್ಣದ ಗೆರೆ ಎಳೆದವನು ನಾನು.
ಗೋಲಿನ ಬಾಯಿ ಎಷ್ಟು ಹೆಜ್ಜೆ, ಕೇಳಿ, ಹೇಳುತ್ತೇನೆ.
ಕೂತವರನ್ನು ಎಂದೂ ಎಣಿಸಿಲ್ಲ.

ಆದರೂ ಬರೆದುಕೊಳ್ಳಿ ಸಾರ್.
ಬೆಟ್ಟದ ಕಡೆ ಕಲ್ಲಿನ ಮೆಟ್ಟಿಲು ಐದು.
ಐದನೆಯದು ಮೂರು ಗಂಟೆಗೆ ರೊಟ್ಟಿಯ ಹಂಚು,
ಅಲ್ಲಿಯವರು ಚಪ್ಪಲಿ ಕಳಚಿ ಅದರ ಮೇಲೆ ಕೂರುತ್ತಾರೆ.
ಎಲ್ಲ ಸೇರಿ ಇನ್ನೂರು.
ಬೇವಿನ ಮರದಲ್ಲಿ ಹದಿನಾಲ್ಕು,
ಕೊಂಬೆ ಮುರಿದ ಮೇಲೆ ಹನ್ನೊಂದು.
ಕಾಂಪೌಂಡಿನ ಮೇಲೆ, ಗಾಜು ಚುಚ್ಚಿದ ಕಡೆ ಬಿಟ್ಟು –
ಬೇಡ, ಅದನ್ನೂ ಸೇರಿಸಿ,
ಹುಡುಗರು ಗೋಣಿಚೀಲ ತರುತ್ತಾರೆ.
ಎದುರಿನ ಮಾಳಿಗೆಯಲ್ಲಿ ಜೀನ್ಸ್ ಹೊಲಿಯುವ
ಏಳು ಹೆಂಗಸರು ಮಿಷನ್ನು ನಿಲ್ಲಿಸಿ ಕಿಟಕಿಗೆ ಬರುತ್ತಾರೆ.
ಚಪ್ಪಾಳೆ ಕೇಳಿಸದು,
ಅವರ ನೀಲಿ ಅಂಗೈ ಇಲ್ಲಿಗೇ ಕಾಣುತ್ತದೆ.
ರೈಲ್ವೆ ಗೇಟು ಬಿದ್ದರೆ
ಅದಿರಿನ ಲಾರಿಗಳ ನೆತ್ತಿಯ ಮೇಲೆ ಕ್ಲೀನರುಗಳು.
ಗೂಡ್ಸ್ ಗಾಡಿ ಉದ್ದವಿದ್ದ ದಿನ
ಒಂದು ಗೋಲು ನೋಡಿಯೇ ಹೋಗುತ್ತಾರೆ.

ಸಾಹೇಬರು ನಕ್ಕು ‘ಇನ್ನೂರು’ ಎಂದು ಬರೆದರು.

ಆಗ ಎರಡು ಶಾಲೆ.
ಗೇಟಿನ ಈಚೆ ನಮ್ಮದು, ಆಚೆ ಅವರದು.
ಆಗಸ್ಟ್ ಹದಿನಾರಕ್ಕೆ ಮ್ಯಾಚು,
ಬಾವುಟದ ಹಗ್ಗ ಇನ್ನೂ ಕಂಬದಲ್ಲೇ.
ಬೈಗುಳ ಕನ್ನಡದಲ್ಲಿ ಹುಟ್ಟಿ ತೆಲುಗಿನಲ್ಲಿ ಬಲಿತು
ಉರ್ದುವಿನಲ್ಲಿ ಮುಗಿಯುತ್ತಿತ್ತು.
ಮಿರ್ಚಿ ಬಂಡಿಯ ಯರ್ರಿಸ್ವಾಮಿ
ನಮ್ಮೆದುರು ನಮ್ಮ ಕಡೆ, ಅವರೆದುರು ಅವರ ಕಡೆ.
ಆಟ ಮುಗಿದ ಮೇಲೆ ಮಾತ್ರ ಅವನದು ಒಂದೇ ಕಾನೂನು:
ಸೋತ ಶಾಲೆಗೆ ತಲಾ ಒಂದು ಮಿರ್ಚಿ ಹೆಚ್ಚು.

ಈ ಜೂನಿನಲ್ಲಿ ಆದೇಶ ಬಂತು.
ಅವರ ಎಂಬತ್ತಮೂರು, ನಮ್ಮ ನೂರಹತ್ತು,
ಹಾಜರಿ ಪುಸ್ತಕ ಒಂದು.
ಅವರ ಗಂಟೆಯನ್ನು ಟಂಟಂನಲ್ಲಿ ಹಾಕಿ ತಂದರು.
ಹಳಿ ದಾಟುವಾಗ ಅದು ತಾನಾಗಿ ಎರಡು ಸಲ ಬಾರಿಸಿತಂತೆ.
ಈಗ ಸ್ಟೋರಿನಲ್ಲಿದೆ, ಹಳೇ ನಕಾಶೆಗಳ ಕೆಳಗೆ.

ಗೋಲಿಗೆ ನಮ್ಮ ಗಾದಿಲಿಂಗ, ಅವರ ದಾದಾಪೀರ್.
ಗ್ಲೋವ್ಸು ಒಂದೇ ಜೊತೆ.
ಏಳನೇ ನಂಬರಿನ ಅಂಗಿ ಎರಡು,
ಎರಡೂ ಒಂದೇ ಮಾಳಿಗೆಯಲ್ಲಿ ಹೊಲಿದದ್ದು,
ನಂಬರಿಗೆ ಜೀನ್ಸಿನ ದಪ್ಪ ನೂಲು.
ಡ್ರಿಲ್ ಸಾರ್ ಅಮೃತರಾಜು ಚೀಟಿ ಎತ್ತಿದರು.
ಹೆಸರು ಬಾರದ ಹನ್ನೊಂದು ಮಂದಿ
ಐದನೇ ಮೆಟ್ಟಿಲು ಹತ್ತಿದರು.
ದಾದಾಪೀರ್ ಚಪ್ಪಲಿ ಕಳಚಲೂ ಇಲ್ಲ,
ಬರಿಗಲ್ಲಿನ ಮೇಲೆ ಕೂತ.

ಗಣಿ ನಿಧಿಯಿಂದ ಎರಡು ಸಾವಿರ ಆಸನ ಬರುತ್ತದಂತೆ,
ಮೇಲೆ ತಗಡಿನ ನೆರಳು.
ನಕ್ಷೆ ಮುಖ್ಯ ಗುರುಗಳ ಗೋಡೆಯ ಮೇಲಿದೆ,
ಅದರಲ್ಲಿ ಪುಟ್ಟ ಪುಟ್ಟ ಜನ ಕೂತಿದ್ದಾರೆ,
ಎಲ್ಲರ ಮುಖವೂ ಒಂದೇ ಕಡೆಗೆ.
ಯಾರನ್ನು ಯಾರು ಬೈಯಬೇಕು,
ಅದಕ್ಕೆ ಫಾರಮ್ಮಿನಲ್ಲಿ ಕಲಮಿಲ್ಲ.

ಹದಿನಾರು ಬಂತು.
ನಾನು ಗೆರೆ ಎಳೆದೆ, ಯಾರೂ ಹೇಳಿರಲಿಲ್ಲ.
ಮೂರಕ್ಕೆ ಗೇಟಿನಾಚೆಯ ಹುಡುಗರು
ಅಂಗಿ ತಿರುವಿ ತೊಟ್ಟು ಇಳಿದರು,
ನಂಬರು ಒಳಗೆ, ಎದೆಗೆ ಒತ್ತಿ.
ದಾದಾಪೀರ್ ಬೆಟ್ಟದ ಗೋಲಿಗೆ ನಡೆದ, ಬರಿಗೈಯಲ್ಲಿ.
ಗಾದಿಲಿಂಗ ಒಂದು ಗ್ಲೋವ್ ಕಳಚಿ
ಮೈದಾನದ ಉದ್ದಕ್ಕೂ ಓಡಿ ಕೊಟ್ಟು ಬಂದ.

ಶುರುವಿಗೆ ನಮ್ಮ ಗಂಟೆ ಹೊಡೆದೆ.
ಹಾಫ್ ಟೈಮಿಗೆ ಸ್ಟೋರಿನ ಬೀಗ ತೆಗೆದೆ.
ಆ ಸದ್ದಿಗೆ
ಲಾರಿ ಮೇಲಿನವರೂ ತಿರುಗಿ ನೋಡಿದರು.

ಕತ್ತಲಾಗುವಾಗ ಯರ್ರಿಸ್ವಾಮಿ ಕೇಳಿದ:
‘ಯಾವ ಶಾಲೆ ಸೋತಿತು?’
ನಮ್ಮದು, ಅಂದೆ.
‘ಗೆದ್ದದ್ದು?’
ಅದೂ ನಮ್ಮದೇ.
ಜಾಲರಿ ಸೌಟು ಎತ್ತಿದ್ದವನು
ಎಣ್ಣೆ ತೊಟ್ಟಿಕ್ಕುವುದನ್ನೇ ನೋಡುತ್ತ
ಹಾಗೇ ನಿಂತ.