ಮೂವತ್ತೆರಡು ಕಾಲು

ನಂಬರ್ ಪ್ಲೇಟು ಬರೆಯುವವನು ನಾನು, ಪುಣೆಯ ನಾನಾ ಪೇಠೆಯಲ್ಲಿ.
ಕೋಲಿನ ಮೇಲೆ ಮಣಿಕಟ್ಟು ಊರಿ, ಉಸಿರು ಹಿಡಿದು,
ಒಂದು ಎಂಟು ಬರೆದು ಮುಗಿದ ಮೇಲೇ ಉಸಿರು ಬಿಡುವವನು.
ಮೂವತ್ತು ವರ್ಷ ಒಂದು ಗೆರೆ ಹೊರಗೆ ಹೋಗಿಲ್ಲ.

ಪೇಂಡ್ಸೆ ಬಾಯಿ ನನ್ನನ್ನು ಭಾನುವಾರ ರೇಸ್‌ಕೋರ್ಸಿನ
ಕಂಬಿಬೇಲಿಗೆ ತಂದು ನಿಲ್ಲಿಸಿ ಹೇಳಿದ್ದು ಒಂದೇ ಮಾತು:
"ಸೋಡಾ, ಅಮೋಗಿ, ಸೋಡಾ."
ಬಿಡಿ ಅಂತ, ಅವರ ಮರಾಠಿ.
ನನ್ನ ವಿಜಾಪುರದ ಕಿವಿಗೆ ಇವತ್ತಿಗೂ
ಮೊದಲು ಗೋಲಿಯ ಸದ್ದೇ ಕೇಳಿಸುತ್ತದೆ, ಆಮೇಲೆ ಅರ್ಥ.

ಎದುರಿಗೆ ಬಂದು ದಾಟುವುದಕ್ಕೆ ಕುದುರೆಗೆ ನಾಲ್ಕು ಸೆಕೆಂಡು.
ಅಷ್ಟರಲ್ಲಿ ನನ್ನ ಸೊನ್ನೆ ಅರ್ಧವೂ ಸುತ್ತಿರುವುದಿಲ್ಲ.
ಮೊದಲ ವಾರ ಎಂಟು ಕುದುರೆ ಬರೆದೆ, ಮೂವತ್ತೆರಡು ಕಾಲು,
ಒಂದೊಂದು ಗೊರಸಿಗೂ ಲಾಳ, ಲಾಳಕ್ಕೆ ಮೊಳೆ.
ಬಾಯಿ ಬಹಳ ಹೊತ್ತು ನೋಡಿದರು.
"ಚೆನ್ನಾಗಿ ನಿಂತಿವೆ," ಅಂದರು.

ಆಮೇಲೆ ಹೆಬ್ಬೆರಳು ನೀರಲ್ಲದ್ದಿ
ಹಸಿ ಕಾಲುಗಳ ಮೇಲೆ ಎಳೆದೇಬಿಟ್ಟರು.
ಬೆಳಗಿನಿಂದ ಬರೆದಿದ್ದು! ಹೊಟ್ಟೆ ಉರಿಯಿತು.
ಕೆಳಗೆ ಬರೀ ಕಂದು ಹೊಗೆ. ಮೇಲೆ ಕುದುರೆಗಳು
ಹೊರಟುಬಿಟ್ಟವು.

ಶ್ರಾವಣದ ಒಂದು ಭಾನುವಾರ, ಐದನೇ ರೇಸು.
ಜನ ಎದ್ದ ಸದ್ದಿಗೆ ನನ್ನ ಕೋಲು ಬಿತ್ತು; ಎತ್ತಲಿಲ್ಲ.
ಬಗ್ಗಿದರೆ ಓಟ ಹೋಗುತ್ತಿತ್ತು.
ಕಾಗದ ನೋಡಲಿಲ್ಲ. ಮೊಣಕೈ, ಭುಜ,
ಇದೆಯೆಂದೇ ಗೊತ್ತಿರದ ಬೆನ್ನಿನ ಒಂದು ನರ,
ಎಲ್ಲ ಕುಂಚದ ಹಿಂದೆ ಓಡಿದವು.
ಹುಲ್ಲಿನ ಹೆಂಟೆ ಹಾರಿದ್ದಕ್ಕೆ ಹಸಿರು ಚಿಮ್ಮಿಸಿದೆ.
ಜಾಕಿಯ ಹಳದಿ ಅಂಗಿಯೊಳಗೆ ಮಳೆಹನಿ ಬಿದ್ದು
ಪಕ್ಕದವನ ನೇರಳೆಗೆ ಹರಿಯಿತು; ಹರಿಯಲಿ ಅಂದೆ.
ಸೋತವರು ಹರಿದೆಸೆದ ಟಿಕೇಟಿನಲ್ಲೇ
ಕುಂಚ ಒರೆಸಿಕೊಂಡೆ.

ಕುದುರೆ ಕಾಯುವ ಬಬ್ಬನ್ ಬೇಲಿಯಾಚೆಯಿಂದ ಇಣುಕಿ
ಒಂದು ಕಂದು ಕಲೆಗೆ ಬೆರಳು ತೋರಿದ:
"ಅರೇ, ನಮ್ಮ ಬಿಜಲಿ! ಸೋಲುವ ಮುಂಚೆ
ಹೀಗೇ ಕತ್ತು ಎತ್ತುತ್ತಾಳೆ, ಹಾಳಾದವಳು."
ಕಾಲೆಷ್ಟು ಎಂದು ಕೇಳಲಿಲ್ಲ.
ನಾನೂ ಎಣಿಸಿಲ್ಲ.

ಸೋಮವಾರ ಒಂದು ಟೆಂಪೋ ಬಂತು.
ಬರೆದು ನೋಡುತ್ತೇನೆ: ಏಳು ಮುಂದಕ್ಕೆ ಬಗ್ಗಿದೆ,
ಹಿಂದಿನ ನಾಲ್ಕು ಅದನ್ನು ಅಟ್ಟಿಸಿಕೊಂಡು ಬರುತ್ತಿದೆ.
ಡ್ರೈವರ್ ತಲೆ ಕೆರೆದುಕೊಂಡ. "ಪೊಲೀಸರು ಹಿಡೀತಾರೆ, ಮಾಮಾ."
ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕೋಲು ಊರಿ,
ನೆಟ್ಟಗೆ ಬರೆದುಕೊಟ್ಟೆ.
ಉಸಿರು ಹಿಡಿಯುವುದು ಮಾತ್ರ ಮರೆತಿದ್ದೆ.